ವೀರಗಲ್ಲು, ಮೆರವಣಿಗೆ, ಮುಚ್ಚಳಿಕೆ: ಧರ್ಮ ಮತ್ತು ಹಿಂಸೆ ಕುರಿತು ಓದುಗರ ಪ್ರಶ್ನೆಗಳು

ಈ ಸಲದ ಅಂಕಣಕ್ಕೆ ‘ಧರ್ಮ, ಹಿಂಸೆ, ಮನುಷ್ಯ ಸ್ವಭಾವ’ ಎಂಬ ವಿಷಯ ಕೊಟ್ಟು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರಿಂದ ಪ್ರಶ್ನೆ ಕೇಳಿದ್ದೆವು. ಒಂದೇ ತರಹದವನ್ನು ಸೇರಿಸಿ ಏಳಕ್ಕೆ ಇಳಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಧರ್ಮ ಅನ್ನೋದೇ ಇಲ್ಲದಿದ್ದರೆ ಯುದ್ಧವೂ ಇರುತ್ತಿರಲಿಲ್ಲ ಅಂತ ಒಬ್ಬ ಗೆಳೆಯ. ಧರ್ಮಕ್ಕಾಗಿ ನಡೆದ ಯುದ್ಧ ನೂರಕ್ಕೆ ಏಳು ಮಾತ್ರ ಅಂತ ಇನ್ನೊಬ್ಬ. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ಇದೆ. ಯಾವ ಕಡೆ ಹಿಡಿಯಲಿ?
— ಪದವಿ ವಿದ್ಯಾರ್ಥಿ, ಮುಳಬಾಗಿಲು

ಎರಡೂ ಬೇಡ. ನೂರಕ್ಕೆ ಏಳು ಎಲ್ಲಿಂದ ಬಂತು ನೋಡಿ. 2004ರಲ್ಲಿ ಪ್ರಕಟವಾದ ಯುದ್ಧಗಳ ವಿಶ್ವಕೋಶವೊಂದರಲ್ಲಿ 1,763 ಯುದ್ಧಗಳಿವೆ. ಅವುಗಳಲ್ಲಿ ಧಾರ್ಮಿಕ ಯುದ್ಧ ಎಂದು ವಿಂಗಡಿಸಿದ್ದು 123. ಭಾಗಿಸಿದರೆ ಶೇಕಡಾ 7 ಬರುತ್ತದೆ. ಈ ಲೆಕ್ಕದಲ್ಲಿ ನಾಲ್ಕು ದಿನದ ಕಾದಾಟವೂ ಒಂದೇ, ಮೂವತ್ತು ವರ್ಷದ ಯುದ್ಧವೂ ಒಂದೇ. ಜೊತೆಗೆ ಪ್ರತಿ ಯುದ್ಧಕ್ಕೂ ಒಂದೇ ಹಣೆಪಟ್ಟಿ ಅಂಟಿಸಬೇಕು.

ಹಣೆಪಟ್ಟಿ ಎಷ್ಟು ಜಾರುತ್ತದೆ ಅನ್ನುವುದಕ್ಕೆ 1618ರಿಂದ 1648ರವರೆಗೆ ಜರ್ಮನಿಯಲ್ಲಿ ನಡೆದ ಯುದ್ಧವೇ ಸಾಕು. ಅದು ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಜಗಳವೆಂದೇ ಹೆಸರುವಾಸಿ. 1631ರ ಮೇ ತಿಂಗಳಲ್ಲಿ ಕ್ಯಾಥೊಲಿಕ್ ಸೇನೆ ಮಾಗ್ಡೆಬರ್ಗ್ ನಗರಕ್ಕೆ ನುಗ್ಗಿದಾಗ ಸತ್ತವರು ಸುಮಾರು 20,000. ಅದೇ ವರ್ಷ ಕ್ಯಾಥೊಲಿಕ್ ಫ್ರಾನ್ಸ್, ಪ್ರೊಟೆಸ್ಟೆಂಟ್ ಸ್ವೀಡನ್ನಿನ ಸೈನ್ಯಕ್ಕೆ ಹಣ ಕೊಡುವ ಒಪ್ಪಂದ ಮಾಡಿಕೊಂಡಿತು. 1635ರಲ್ಲಿ ತಾನೇ ಕಣಕ್ಕಿಳಿಯಿತು. ಇನ್ನು ಸತ್ತವರ ಲೆಕ್ಕಕ್ಕೆ ಬಂದರೆ, ಕತ್ತಿಗೆ ಸಿಕ್ಕವರಿಗಿಂತ ಹಸಿವಿಗೂ ಪ್ಲೇಗಿಗೂ ಸಿಕ್ಕವರೇ ಹೆಚ್ಚು. ಇದನ್ನು ಯಾವ ಪಟ್ಟಿಗೆ ಹಾಕುತ್ತೀರಿ?

ಮೊದಲನೆಯ ಗೆಳೆಯನ ಮಾತಿಗೆ ಸುಡಾನಿನ ಜೆಬೆಲ್ ಸಹಾಬಾ ಎಂಬ ಸ್ಮಶಾನದಲ್ಲಿ ಉತ್ತರವಿದೆ. ಸುಮಾರು 13,400 ವರ್ಷ ಹಳೆಯದು. ಅಲ್ಲಿನ 61 ಅಸ್ಥಿಪಂಜರಗಳನ್ನು ಮರುಪರೀಕ್ಷಿಸಿ 2021ರಲ್ಲಿ ವರದಿ ಕೊಟ್ಟರು; 41ರ ಮೂಳೆಗಳಲ್ಲಿ ಗಾಯದ ಗುರುತಿತ್ತು. ಕೆಲವರಲ್ಲಿ ಹಳೆಯ ಗಾಯ ಮಾಗಿ, ಅದರ ಮೇಲೆ ಹೊಸ ಗಾಯ ಬಿದ್ದಿತ್ತು. ಅಂದರೆ ಒಂದೇ ದಿನದ ಕಗ್ಗೊಲೆಯಲ್ಲ, ವರ್ಷ ವರ್ಷ ನಡೆದ ದಾಳಿ. ಗುಡಿಯಂಥ ಕಟ್ಟಡಗಳಲ್ಲಿ ತೀರಾ ಹಳೆಯದೆಂದು ಹೇಳುವ ಟರ್ಕಿಯ ಗೋಬೆಕ್ಲಿ ತೆಪೆ ಏಳುವುದಕ್ಕೆ ಇನ್ನೂ ಎರಡು ಸಾವಿರ ವರ್ಷ ಬಾಕಿಯಿತ್ತು.

ಸ್ಪರ್ಧೆಯಲ್ಲಿ ‘ಧರ್ಮ ಕಾರಣವೋ ಅಲ್ಲವೋ’ ಎಂದು ವಾದಿಸಬೇಡಿ. ‘ಈ ಜಗಳದಲ್ಲಿ ಧರ್ಮ ಮಾಡಿದ ಕೆಲಸವೇನು’ ಎಂದು ಕೇಳಿ. ಮುಂದಿನ ಉತ್ತರದಲ್ಲಿ ಅದಕ್ಕೆ ನಿಮ್ಮ ಜಿಲ್ಲೆಯದೇ ಉದಾಹರಣೆ ಇದೆ.

ನಮ್ಮೂರ ಕೆರೆ ಏರಿ ಪಕ್ಕ ಮೂರು ಭಾಗದ ಕೆತ್ತನೆ ಇರುವ ಕಲ್ಲಿದೆ. ಕೆಳಗೆ ಕತ್ತಿ ಹಿಡಿದವನು, ಮೇಲೆ ಲಿಂಗ. ‘ಧರ್ಮಕ್ಕಾಗಿ ತುರುಕರ ಜೊತೆ ಹೋರಾಡಿ ಸತ್ತವನು’ ಅಂತ ಹುಡುಗರು ಬೋರ್ಡ್ ಹಾಕಬೇಕು ಅಂತಿದ್ದಾರೆ. ಸರಿಯೇ?
— ರೈತರು, ಶ್ರೀನಿವಾಸಪುರ ತಾಲ್ಲೂಕು

ಬೋರ್ಡ್ ಬರೆಸುವ ಮುನ್ನ ಕಲ್ಲನ್ನು ಓದಿ. ನಿಮ್ಮ ಭಾಗದ ವೀರಗಲ್ಲುಗಳಲ್ಲಿ ಅನೇಕವು ಗಂಗರ, ಬಾಣರ, ನೊಳಂಬರ ಕಾಲದವು, ಅಂದರೆ ಸಾವಿರ ವರ್ಷಕ್ಕೂ ಹಳೆಯವು. ಆಗ ದಕ್ಷಿಣಕ್ಕೆ ದೆಹಲಿಯ ಸೇನೆ ಬಂದೇ ಇರಲಿಲ್ಲ. ಕುದುರೆ ಮೇಲೆ ಕೂತವನೆಲ್ಲ ತುರುಕ ಅನ್ನುವ ಊಹೆಯಿಂದಲೇ ಇಂಥ ಅರ್ಧದಷ್ಟು ಬೋರ್ಡು ಹುಟ್ಟುತ್ತವೆ. ಗಂಗರಿಗೂ ನೊಳಂಬರಿಗೂ ಕುದುರೆಗಳಿದ್ದವು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ. ವೀರನ ಹಿಂದೆಯೋ ಕಾಲಬಳಿಯೋ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿದ್ದು. ಶಾಸನದಲ್ಲಿ ‘ಊರಳಿವು’ ಎಂದಿದ್ದರೆ ಊರಿನ ಮೇಲೆ ಬಿದ್ದ ದಾಳಿ, ‘ಪೆಣ್ಬುಯ್ಯಲ್’ ಎಂದಿದ್ದರೆ ಹೆಂಗಸರ ಮಾನದ ವಿಷಯಕ್ಕೆ ನಡೆದ ಹೊಡೆದಾಟ. ನಡು ಅಂಕಣದಲ್ಲಿ ಚಾಮರ ಹಿಡಿದ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಅಂಕಣದಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿರುತ್ತಾನೆ, ಪಕ್ಕದಲ್ಲಿ ಪೂಜಾರಿ, ನಂದಿ. ಆ ಲಿಂಗ ಹೇಳುವುದು ಅವನು ಸತ್ತು ಎಲ್ಲಿಗೆ ಹೋದ ಎಂದು. ಯಾರ ಮೇಲೆ, ಯಾತಕ್ಕೆ ಹೊಡೆದಾಡಿದ ಎನ್ನುವುದು ಕೆಳಗಿನ ಅಂಕಣದ ಮಾತು. ಗಂಗರ ಕಾಲದ ಕಲ್ಲುಗಳಲ್ಲಿ ಒಂದೇ ದೊಡ್ಡ ಅಂಕಣ ಇರುವುದೂ ಉಂಟು.

ಇಲ್ಲೇ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ. ಜಗಳ ಹುಟ್ಟಿದ್ದು ದನದಿಂದ. ಆದರೆ ಇನ್ನೊಬ್ಬರ ದನಕ್ಕಾಗಿ ಪ್ರಾಣ ಕೊಡು ಎಂದು ಒಬ್ಬ ಯುವಕನನ್ನು ಒಪ್ಪಿಸುವುದು ಸುಲಭವೇ? ಅನೇಕ ವೀರಗಲ್ಲುಗಳ ಮೇಲಿರುವ ಶ್ಲೋಕ ಆ ಕೆಲಸ ಮಾಡುತ್ತದೆ: ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ’. ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ. ಕ್ಷಣದಲ್ಲಿ ಅಳಿಯುವ ಈ ಮೈಗೆ ರಣದಲ್ಲಿ ಸಾಯುವ ಚಿಂತೆ ಯಾಕೆ, ಎಂದು ಮುಂದುವರಿಯುತ್ತದೆ. ಸ್ವರ್ಗದ ಮಾತೊಂದನ್ನೇ ನಂಬಿ ಯಾರೂ ಕೂರಲಿಲ್ಲ ಅನ್ನುವುದೂ ಅದೇ ಕಲ್ಲಿನಲ್ಲಿ ಕಾಣುತ್ತದೆ. ಸತ್ತವನ ಮನೆಯವರಿಗೆ ಕಲ್ನಾಡು ಅಥವಾ ನೆತ್ತರುಗೊಡಗೆ ಎಂದು ಜಮೀನು ಬಿಡುತ್ತಿದ್ದರು. ಅದನ್ನು ಇಷ್ಟು ಖಂಡುಗ, ಇಷ್ಟು ಕೊಳಗ ಬಿತ್ತನೆಯ ನೆಲ ಎಂದು ಅಳೆದು ಬರೆಯುತ್ತಿದ್ದರು. ಆ ಜಮೀನನ್ನು ಮುಂದೆ ಯಾರಾದರೂ ಕಿತ್ತುಕೊಂಡರೆ? ಅದಕ್ಕೆ ಕೊನೆಯ ಸಾಲು: ಇದನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುವನು. ಸಾಯುವವನಿಗೆ ಆಸೆ ತೋರಿಸಿದ ಧರ್ಮವೇ ಅವನ ಹೆಂಡತಿ ಮಕ್ಕಳ ಜಮೀನಿಗೂ ಕಾವಲು ನಿಂತಿತು. ಪಕ್ಕದಲ್ಲಿ ಬಳೆ ತೊಟ್ಟ ಕೈಯೊಂದನ್ನು ಎತ್ತಿದಂತೆ ಕೆತ್ತಿದ ಕಲ್ಲಿದ್ದರೆ ಅದು ಮಾಸ್ತಿಕಲ್ಲು. ಅಲ್ಲಿ ಹೆಂಡತಿಯೂ ಬೆಂಕಿಗೆ ಬಿದ್ದಿದ್ದಾಳೆ. ಅವಳ ಪಾಲಿಗೆ ಜಮೀನಿನ ಮಾತು ಬರಲೇ ಇಲ್ಲ.

ಓದುವ ಕ್ರಮ ಹೀಗೆ. ಅಕ್ಷರ ಸಾಮಾನ್ಯವಾಗಿ ಅಂಕಣಗಳ ನಡುವಿನ ಪಟ್ಟಿಯಲ್ಲಿ, ಒಮ್ಮೊಮ್ಮೆ ಅಂಚಿನ ಸುತ್ತ ಇರುತ್ತದೆ. ಮೆತ್ತನೆಯ ಬ್ರಷ್ ಮತ್ತು ಬರೀ ನೀರಿನಿಂದ ಮಣ್ಣು ತೆಗೆಯಿರಿ. ತಂತಿ ಬ್ರಷ್, ಆಸಿಡ್, ಸೀಮೆಸುಣ್ಣ ಯಾವುದೂ ಬೇಡ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ತಾಗುವಷ್ಟು ಓರೆಯಾಗಿ ಹಿಡಿದರೆ ಹಗಲಲ್ಲಿ ಕಾಣದ ಅಕ್ಷರ ನೆರಳಿನಿಂದ ಎದ್ದು ನಿಲ್ಲುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು, ಫೋನು ಅಲುಗದಂತೆ ಇಟ್ಟು, ಒಂದೊಂದು ಫೋಟೊ ತೆಗೆಯಿರಿ. ಆಮೇಲೆ ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 10ನೇ ಸಂಪುಟ (1905) ತೆರೆಯಿರಿ, ಅಂತರ್ಜಾಲದಲ್ಲಿ ಸಿಗುತ್ತದೆ. ತಾಲ್ಲೂಕುವಾರು ಸಂಖ್ಯೆ ಹಾಕಿದ್ದಾರೆ. ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದುದರಿಂದ ಅಲ್ಲಿನವರೂ ಇದೇ ಸಂಪುಟ ನೋಡಬೇಕು. ತುಮಕೂರಿನವರಿಗೆ 12ನೇ ಸಂಪುಟ (1904). ಕಲ್ಲು ಅದರಲ್ಲಿ ಇಲ್ಲದಿದ್ದರೆ ಫೋಟೊಗಳನ್ನು ಪುರಾತತ್ವ ಇಲಾಖೆಗೆ ಕಳಿಸಿ. ಕಾಗದ ಒದ್ದೆಮಾಡಿ ಬಡಿದು ಅಚ್ಚು ತೆಗೆಯುವ ಕೆಲಸ ಅವರಿಗೇ ಇರಲಿ.

ಕೆಡುವುದು ಹೆಚ್ಚಾಗಿ ಭಕ್ತಿಯಿಂದಲೇ. ಎಣ್ಣೆ ಕುಂಕುಮ ಅಕ್ಷರದೊಳಗೆ ಗಟ್ಟಿಯಾಗುತ್ತದೆ, ಆಯಿಲ್ ಪೇಂಟ್ ಬಳಿದರೆ ಕಥೆ ಮುಗಿಯಿತು. ಸಿಮೆಂಟ್ ಕಟ್ಟೆ ಕಟ್ಟಿದರೆ ಕೆಳಗಿನ ಒಂದೆರಡು ಸಾಲು ಹೂತುಹೋಗುತ್ತವೆ. ಇನ್ನೊಂದು ಮಾತು: ಕೆರೆ ಏರಿ ಕಟ್ಟುವಾಗ ಕಲ್ಲುಗಳನ್ನು ಬೇರೆ ಕಡೆಯಿಂದ ತಂದು ನಿಲ್ಲಿಸಿರುತ್ತಾರೆ. ‘ಇಲ್ಲೇ ಸತ್ತ’ ಎಂದೂ ಬರೆಸಬೇಡಿ.

ಹಿಂದೆ ನಮ್ಮ ಕಡೆ ಹೆಂಗಸರು ದೇವರಿಗೆ ಬೆರಳು ಕೊಡುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ನಿಜವೇ? ನಿಂತದ್ದು ಹೇಗೆ?
— ಗೃಹಿಣಿ, ಚಿಂತಾಮಣಿ

ನಿಜ. ಮೊರಸು ಒಕ್ಕಲಿಗರ ಒಂದು ಪಂಗಡದಲ್ಲಿ, ಹಿರಿಯ ಮಗಳ ಕಿವಿ ಚುಚ್ಚುವ ಮುನ್ನ ತಾಯಿ ತನ್ನ ಕಿರುಬೆರಳು ಮತ್ತು ಉಂಗುರಬೆರಳಿನ ತುದಿ ಗೆಣ್ಣನ್ನು ಒಪ್ಪಿಸಬೇಕಿತ್ತು. 1800–01ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ಇದನ್ನು ದಾಖಲಿಸಿದ್ದಾನೆ: ಬೆರಳನ್ನು ಮರದ ದಿಮ್ಮಿಯ ಮೇಲಿಟ್ಟು ಊರ ಕಮ್ಮಾರ ಉಳಿಯಿಂದ ಕತ್ತರಿಸುತ್ತಿದ್ದ. ಕೋಲಾರದ ಸೀತಿಬೆಟ್ಟದ ಭೈರವನಿಗೆ ಈ ಹರಕೆ ಸಲ್ಲುತ್ತಿತ್ತು. ಹಿಂದಿನ ಕಥೆ ಭಸ್ಮಾಸುರನದು. ಓಡಿ ಬಂದು ಅಡಗಿದ ಶಿವನನ್ನು ರೈತನೊಬ್ಬ ಬಾಯಲ್ಲಿ ಹೇಳದೆ ಬೆರಳಲ್ಲಿ ತೋರಿಸಿದ. ಶಿವ ಆ ಬೆರಳು ಕೇಳಿದಾಗ, ಬುತ್ತಿ ತಂದ ಹೆಂಡತಿ ‘ಅವನ ಬೆರಳು ಹೋದರೆ ಉಳುವವರು ಯಾರು’ ಎಂದು ತನ್ನದನ್ನು ಕೊಟ್ಟಳು. ತಪ್ಪು ಗಂಡಸಿನದು, ಗಾಯ ಹೆಂಗಸಿನದು. ಕಥೆಯೇ ಇದನ್ನು ಬಿಚ್ಚಿ ಹೇಳುತ್ತದೆ.

ಮೈಸೂರು ಸರ್ಕಾರ 19ನೇ ಶತಮಾನದಲ್ಲಿ ಇದನ್ನು ನಿಷೇಧಿಸಿತು. ಆದರೆ ಆಚರಣೆ ಪೂರ್ತಿ ಅಳಿಯಲಿಲ್ಲ, ರೂಪ ಬದಲಿಸಿತು: ಬೆರಳಿಗೆ ಚಿನ್ನ ಸುತ್ತಿ, ಬೆರಳಿನ ಬದಲು ಅದನ್ನು ಒಪ್ಪಿಸಿದರು. ಕುಂಕುಮ ತುಂಬಿ ಒಡೆಯುವ ಬೂದುಗುಂಬಳ, ಹೊಸ ಗಾಡಿಯ ಚಕ್ರದಡಿಯ ನಿಂಬೆಹಣ್ಣು ಇದೇ ದಾರಿಯವು. ಸಿಡಿಯಲ್ಲೂ ಹಾಗೆಯೇ. ಬೆನ್ನಿನ ಮಾಂಸಕ್ಕೆ ಕೊಕ್ಕೆ ಹಾಕುತ್ತಿದ್ದ ಕಡೆ ಸೊಂಟಕ್ಕೆ ಬಟ್ಟೆ ಕಟ್ಟಿ ತಿರುಗಿಸುವುದು ಬಂತು. 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಗುಡಿಯ ಆವರಣದ ಬಲಿಯನ್ನು ತಡೆಯಿತು. ಬಲಿ ಎಷ್ಟೋ ಕಡೆ ತೋಟಕ್ಕೆ ಹೋಯಿತು. 2017ರಲ್ಲಿ ಅಂಗೀಕಾರವಾಗಿ 2020ರಿಂದ ಜಾರಿಯಲ್ಲಿರುವ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆ ಕೊಕ್ಕೆ ಸಿಡಿ, ಕೆನ್ನೆಗೆ ಸರಳು ಚುಚ್ಚುವ ಬಾಯಿಬೀಗ, ಪ್ರಾಣಿಯ ಕತ್ತನ್ನು ಕಚ್ಚಿ ಕೊಲ್ಲುವ ಗಾವು ಮೂರನ್ನೂ ಹೆಸರಿಸಿದೆ. ದೂರು ಕೊಡುವವರು ಆ ಕಾಯ್ದೆಯನ್ನೇ ಉಲ್ಲೇಖಿಸಬೇಕು. ನಮ್ಮ ಅಭಿಪ್ರಾಯ ಕೇಳಿದರೆ, ಹರಕೆ ಹೊತ್ತವರಿಗೆ ‘ದೇವರು ಇದನ್ನೂ ಒಪ್ಪುತ್ತಾನೆ’ ಎನ್ನುವ ಬದಲಿ ವಸ್ತು ಸಿಕ್ಕ ಕಡೆ ಕಾಯ್ದೆ ಬೇಗ ನಾಟಿದೆ.

ಅಹಿಂಸೆಯೇ ಪರಮಧರ್ಮ ಅಂದ ಜೈನ, ಬೌದ್ಧ ರಾಜರು ಯುದ್ಧ ಮಾಡಿದ್ದು ಹೇಗೆ?
— ಶಿಕ್ಷಕರು, ತಿಪಟೂರು

ಜೈನ ಆಚಾರಶಾಸ್ತ್ರ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ: ಬೇಕೆಂದೇ ಮಾಡುವ ಸಂಕಲ್ಪಿ, ಮನೆಗೆಲಸದಲ್ಲಿ ಆಗುವ ಆರಂಭಿ, ಕಸುಬಿನಲ್ಲಿ ಆಗುವ ಉದ್ಯೋಗಿ, ಎದುರು ಬಿದ್ದವನನ್ನು ತಡೆಯುವ ವಿರೋಧಿ. ಮುನಿಗೆ ನಾಲ್ಕೂ ವರ್ಜ್ಯ. ಗೃಹಸ್ಥನು ಪೂರ್ತಿ ಬಿಡಲೇಬೇಕಾದದ್ದು ಮೊದಲನೆಯದು. ರಾಜರು ನುಗ್ಗಿದ್ದು ನಾಲ್ಕನೆಯ ಬಾಗಿಲಿನಿಂದ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ಅವನ ಬಿರುದುಗಳು ಸಮರಪರಶುರಾಮ, ರಣರಂಗಸಿಂಗ. ಎಲ್ಲ ದಂಡಯಾತ್ರೆಯೂ ‘ವಿರೋಧಿ’ಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳುವವರು ಆಸ್ಥಾನದಲ್ಲಿ ಕಡಿಮೆ.

ಅಶೋಕನ 13ನೇ ಬಂಡೆ ಶಾಸನ ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದರು ಎಂದು ಪಶ್ಚಾತ್ತಾಪ ಪಡುತ್ತದೆ. ಅದೇ ಶಾಸನ ಕಾಡಿನ ಜನರಿಗೆ, ಪಶ್ಚಾತ್ತಾಪವಿದ್ದರೂ ರಾಜನಿಗೆ ದಂಡಿಸುವ ಶಕ್ತಿ ಇದೆ ಎಂದು ಎಚ್ಚರಿಕೆಯನ್ನೂ ಕೊಡುತ್ತದೆ. ಕಳಿಂಗದೊಳಗಿನ ಧೌಲಿ, ಜೌಗಡಗಳಲ್ಲಿ ಈ ಶಾಸನವನ್ನು ಕೆತ್ತಿಸಲೇ ಇಲ್ಲ. ಮಕ್ಕಳಿಗೆ ಪಾಠ ಮಾಡುವಾಗ ಈ ಮೂರನ್ನೂ ಒಟ್ಟಿಗೆ ಹೇಳಿ.

ಎರಡು ಕೋಮಿನ ಹಬ್ಬ ಒಂದೇ ವಾರದಲ್ಲಿ ಬಂದರೆ ನಮ್ಮೂರಲ್ಲಿ ಮೆರವಣಿಗೆ ದಾರಿ, ವಾದ್ಯದ ವಿಷಯಕ್ಕೆ ತಂಟೆ. ಹಿಂದಿನವರು ಇಂಥದ್ದನ್ನು ಹೇಗೆ ಬಗೆಹರಿಸುತ್ತಿದ್ದರು?
— ಗ್ರಾಮ ಪಂಚಾಯಿತಿ ಸದಸ್ಯರು, ಶಿರಾ ತಾಲ್ಲೂಕು

ವಾದ್ಯದ ಜಗಳಕ್ಕೆ ಆರೂವರೆ ಶತಮಾನದ ಇತಿಹಾಸವಿದೆ. 1368ರಲ್ಲಿ ಜೈನರು ಶ್ರೀವೈಷ್ಣವರ ಮೇಲೆ ಬುಕ್ಕರಾಯನಿಗೆ ದೂರು ಕೊಟ್ಟರು. ಶ್ರವಣಬೆಳಗೊಳದಲ್ಲಿರುವ ಶಾಸನದಲ್ಲಿ ತೀರ್ಪು ಇದೆ. ಎರಡು ದರ್ಶನಗಳಿಗೆ, ಅಂದರೆ ಮತಗಳಿಗೆ, ಭೇದವಿಲ್ಲ ಎಂಬ ಮಾತನ್ನು ಎಲ್ಲರೂ ಭಾಷಣದಲ್ಲಿ ಎತ್ತಿ ಹೇಳುತ್ತಾರೆ. ನಮಗೆ ಅದಕ್ಕಿಂತ ಮುಖ್ಯವೆನಿಸುವುದು ಉಳಿದ ಸಾಲುಗಳು. ಹಿಂದಿನ ಮರ್ಯಾದೆಯಂತೆ ಜೈನರಿಗೆ ಪಂಚಮಹಾವಾದ್ಯವೂ ಕಳಶವೂ ಸಲ್ಲುತ್ತವೆ ಎಂದು ವಸ್ತು ಹೆಸರಿಸಿ ಬರೆದರು. ರಾಜ್ಯದ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಎತ್ತಿ, ಬೆಳಗೊಳದ ದೇವರಿಗೆ 20 ಕಾವಲಿನವರನ್ನು ನೇಮಿಸಬೇಕು, ಮಿಕ್ಕ ಹಣದಲ್ಲಿ ಹಾಳುಬಿದ್ದ ಜಿನಾಲಯಗಳನ್ನು ದುರಸ್ತಿ ಮಾಡಿಸಬೇಕು. ಹಣ ಎತ್ತಿ ಕಾವಲು ಇಡುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ಎದುರು ಪಕ್ಷದ ಗುರುವಿನದೇ. ಶಾಸನವನ್ನು ಬಸದಿಗಳಲ್ಲಿ ವೈಷ್ಣವರೇ ನಿಲ್ಲಿಸಬೇಕು. ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಇದರಲ್ಲಿ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ: ದೂರು ಕೊಟ್ಟವರೇ ತಮ್ಮ ರಕ್ಷಣೆಯ ಖರ್ಚು ಹೊತ್ತರು.

1638ರಲ್ಲಿ ಹಳೇಬೀಡಿನ ಬಸದಿಯ ಕಂಬಕ್ಕೆ ವೀರಶೈವರೊಬ್ಬರು ಲಿಂಗಮುದ್ರೆ ಒತ್ತಿದರು, ಜೈನರೊಬ್ಬರು ಅಳಿಸಿದರು. ಹಿರಿಯರು ಸೇರಿ, ಮೊದಲು ವಿಭೂತಿ ವೀಳ್ಯ ಸಲ್ಲಿಸಿ ನಂತರ ಜಿನಪೂಜೆ ಎಂದು ಕ್ರಮ ಗೊತ್ತುಮಾಡಿದರು. ಬಲ ಯಾರ ಕಡೆ ಇತ್ತು ಅನ್ನುವುದು ಆ ಕ್ರಮದಲ್ಲೇ ಗೊತ್ತಾಗುತ್ತದೆ. ಆದರೂ ರಕ್ತ ಹರಿಯದೆ ಪೂಜೆ ಮುಂದುವರಿಯಿತು.

ನಿಮ್ಮೂರಿಗೆ ಇದರಿಂದ ತೆಗೆದುಕೊಳ್ಳಬೇಕಾದದ್ದು ಬರವಣಿಗೆ. ಶಾಂತಿ ಸಭೆಯಲ್ಲಿ ಕೈಕುಲುಕಿ ಫೋಟೊ ತೆಗೆಸಿಕೊಂಡರೆ ಸಾಲದು, ಮುಚ್ಚಳಿಕೆ ಬರೆಸಿ. ‘ಹಿಂದಿನಿಂದ ನಡೆದು ಬಂದಂತೆ’ ಎಂಬ ಸಾಲು ಅದರಲ್ಲಿ ಬರಲೇಬಾರದು, ಏಕೆಂದರೆ ಒಬ್ಬೊಬ್ಬರಿಗೆ ಒಂದೊಂದು ಹಿಂದು ಇರುತ್ತದೆ. ಯಾವ ಬೀದಿ, ಯಾವ ತಿರುವು, ಮಸೀದಿಯ ಮುಂದೆ ಎಷ್ಟು ಗಂಟೆಗೆ, ಗುಡಿಯ ಮುಂದೆ ಎಷ್ಟು ಗಂಟೆಗೆ, ವಾದ್ಯ ಯಾವ ಕಂಬದಿಂದ ಯಾವ ಕಂಬದವರೆಗೆ ನಿಲ್ಲಬೇಕು ಎಂದು ಬಿಡಿಸಿ ಬರೆಯಿರಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ತಡೆ ಇದ್ದೇ ಇದೆ; ಅದನ್ನೂ ಸೇರಿಸಿ. ಹಿರಿಯರ ಜೊತೆ ಮೆರವಣಿಗೆ ನಡೆಸುವ ಹುಡುಗರ ಸಹಿಯೂ ಬೇಕು. ಒಪ್ಪಂದ ಮುರಿಯುವುದು ಬಹುತೇಕ ಸಭೆಗೆ ಕರೆಯದೆ ಬಿಟ್ಟವರಿಂದ. ಈ ವರ್ಷ ಹೊಸದಾಗಿ ಏನು ಸೇರಿದೆ, ಡಿಜೆಯೋ, ಬಾವುಟವೋ, ಬಳಸು ದಾರಿಯೋ ಎಂದು ಮೊದಲೇ ಕೇಳಿ ತಿಳಿಯಿರಿ. ಕಿಡಿ ಹತ್ತುವುದು ಅಲ್ಲೇ. ಪ್ರತಿಗಳು ಎರಡೂ ಕಡೆಗೆ, ಠಾಣೆಗೆ, ತಹಶೀಲ್ದಾರರಿಗೆ. ಖರ್ಚನ್ನು ಎರಡೂ ಕಡೆಯವರು ಹಂಚಿಕೊಳ್ಳಲಿ, ಬುಕ್ಕರಾಯನ ಕಾಲದಂತೆ ಒಂದೇ ಕಡೆ ಬೀಳಬಾರದು.

ಒಂದೇ ದೇವರಿಗೆ ಕೈಮುಗಿಯುವವರ ನಡುವೆಯೂ ಕೊಲೆ ನಡೆಯುತ್ತದಲ್ಲ? ಹಿಂಸೆ ಮನುಷ್ಯನ ರಕ್ತದಲ್ಲೇ ಇದೆ ಅಂದುಕೊಳ್ಳಬೇಕೇ?
— ಓದುಗರು, ಗುಡಿಬಂಡೆ

ರಿಚರ್ಡ್ ರ್‍ಯಾಂಗಮ್ ಎಂಬ ವಿಜ್ಞಾನಿ ಹಿಂಸೆಯನ್ನು ಎರಡು ಮಾಡಿ ನೋಡುತ್ತಾರೆ: ತಟ್ಟನೆ ಸಿಟ್ಟಿಗೆ ಏಳುವುದು ಒಂದು, ಲೆಕ್ಕ ಹಾಕಿ ಗುಂಪು ಕಟ್ಟಿ ಹೋಗುವುದು ಇನ್ನೊಂದು. ಚಿಂಪಾಂಜಿಗಳಿಗೆ ಹೋಲಿಸಿದರೆ ನಮ್ಮಲ್ಲಿ ಮೊದಲನೆಯದು ಬಹಳ ಕಡಿಮೆ. ಕಿಕ್ಕಿರಿದ ಬಸ್ಸಿನಲ್ಲಿ ಅಪರಿಚಿತ ಚಿಂಪಾಂಜಿಗಳು ಪಾವಗಡದವರೆಗೆ ಜೊತೆಯಾಗಿ ಪ್ರಯಾಣ ಮಾಡಲಾರವು. ಎರಡನೆಯದು ಮಾತ್ರ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ತಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ 1974ರಿಂದ 1978ರವರೆಗೆ ಒಂದು ಚಿಂಪಾಂಜಿ ಗುಂಪು ತನ್ನಿಂದಲೇ ಒಡೆದು ಹೋದ ಗುಂಪಿನ ಗಂಡುಗಳನ್ನು ಒಂಟಿಯಾಗಿ ಸಿಕ್ಕಾಗ ಒಂದೊಂದಾಗಿ ಮುಗಿಸಿತು. ದಾಳಿಗಿಳಿಯುವವರಿಗೆ ತಮ್ಮ ಕಡೆ ಬಲ ಹೆಚ್ಚು, ತಮಗೆ ಪೆಟ್ಟು ಬೀಳುವುದಿಲ್ಲ ಎಂಬ ಖಾತ್ರಿ ಬೇಕು. ನಮ್ಮಲ್ಲಿ ಅದಕ್ಕೆ ಮೂರನೆಯದೊಂದು ಸೇರುತ್ತದೆ: ಶಿಕ್ಷೆಯಾಗುವುದಿಲ್ಲ ಎಂಬ ಧೈರ್ಯ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಅಲ್ಲಿ ಎರಡು ಮತಗಳಿರಲಿಲ್ಲ, ಜಾತಿಯ ಗೆರೆ ಇತ್ತು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳು ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ‘ರಕ್ತದಲ್ಲೇ ಇದೆ’ ಅನ್ನುವ ವಿವರಣೆ ಇಲ್ಲಿ ಅಪಾಯಕಾರಿ. ಸಾಕ್ಷಿಗಳಿಗೆ ರಕ್ಷಣೆ ಕೊಡಬೇಕಾದವರ ಹೊಣೆಯನ್ನು ಅದು ಮನ್ನಾ ಮಾಡಿಬಿಡುತ್ತದೆ.

ಶಾಲೆಯಿಂದ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದೊಯ್ಯುತ್ತೇವೆ. ಅಲ್ಲಿ ನಡೆದದ್ದು ಧಾರ್ಮಿಕ ಗಲಭೆಯೇ ಎಂದು ಒಬ್ಬ ಹುಡುಗಿ ಕೇಳಿದಳು.
— ಶಿಕ್ಷಕಿ, ಗೌರಿಬಿದನೂರು

ಅಲ್ಲ. ಜಾಗ ಮಾತ್ರ ಧಾರ್ಮಿಕವಾದದ್ದು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಅಲ್ಲಿ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಆಮೇಲೆ ವಲ್ಲಭಭಾಯಿ ಪಟೇಲರೂ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತುಕತೆ ನಡೆಸಿದರು. ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂದು ಒಪ್ಪಂದವಾಯಿತು. ಮೊದಲು ಸ್ತೂಪ ಮತ್ತು ವೀರಸೌಧದ ಚಿತ್ರಗಳನ್ನು ತೋರಿಸಿ, ಆಮೇಲೆ ಅಶ್ವತ್ಥಕಟ್ಟೆಯ ನಾಗರಕಲ್ಲುಗಳ ಕಡೆ ಹೋಗಿ. ಹಿಂದುಮುಂದಾದರೆ ಮಕ್ಕಳು ಜಾತ್ರೆ ಅಂಗಡಿಗಳಲ್ಲೇ ಉಳಿದುಬಿಡುತ್ತಾರೆ.